ಸಿಪಾಯಿ ಹೋಗಿಬಂದ

ಗಂಗೆ ದಡದ ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ಯಾರದೋ ಚಾರ್ಜರ್ ಕಾದು ಪ್ಲಾಸ್ಟಿಕ್ಕಿನ ವಾಸನೆ ಬಂತು. ಅಷ್ಟೇ ಸಾಕಾಯ್ತು, ಮತ್ತೆ ಚಿಕ್ಕ ಹುಡುಗಿಯಾಗಿಬಿಟ್ಟೆ. ಕೇದಾರ ಘಾಟಿನ ನಮ್ಮ ಹಳೇ ಮನೆ, ಎದುರಿಗೆ ಟಿವಿ, ಹೀಗೇ ಕಾದು ವಾಸನೆ ಬರೋ ವಿಡಿಯೋ ಗೇಮು, ಕೈಯಲ್ಲಿ ಅದರ ರಿಮೋಟು.

ಕಾರ್ ರೇಸ್ ನನಗೆ ಹಿಡಿಸ್ತಿರಲಿಲ್ಲ. ನಮ್ಮ ಗಲ್ಲೀಲಿ ಸೈಕಲ್ಲು ಕೂಡ ಅಡ್ಡ ಮಲಗಿದ ಗೂಳಿ ಎದ್ದ ಮೇಲೇ ಮುಂದೆ ಹೋಗೋದು. ಅಷ್ಟು ಖಾಲಿ ರಸ್ತೆಯನ್ನ ನಂಬೋದು ಹೇಗೆ? ಇಟ್ಟಿಗೆ ಜೋಡಿಸೋ ಆಟವಂತೂ ಅಮ್ಮ ತೊಳೆಯೋ ಪಾತ್ರೆಗಳ ಹಾಗೆ, ಮುಗಿಸಿದಷ್ಟೂ ಮತ್ತೆ ಬಂದು ಬೀಳ್ತಿತ್ತು. ನನಗೆ ಪ್ರೀತಿ ಹಳ್ಳ ಹಾರಿ ಓಡೋ ಪುಟ್ಟ ಸಿಪಾಯಿಯ ಆಟ. ಅವನು ಬಿದ್ದು ಸತ್ತಾಗೆಲ್ಲ ಗಲ್ಲಿಯ ಹುಡುಗರ ಹಾಗೆ "ಮರ್ ಗಯಾ!" ಅಂತ ಕೂಗ್ತಿದ್ದೆ.

ಅಪ್ಪ ಘಾಟಿನಲ್ಲಿ ಯಾತ್ರಿಕರಿಗೆ ಪಿಂಡ ಹಾಕಿಸೋ ಪುರೋಹಿತರು. ಒಂದು ದಿನ ಗಂಗೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಬಂದವರು ಬಾಗಿಲಲ್ಲಿ ನಿಂತರು. "ಬೆಳಗಿಂದ ಸತ್ತ ಅನ್ನೋ ಅದೇ ಮಾತು ಕೇಳಿ ಬಂದಿದೀನಿ ಮಗಳೇ, ಮನೇಲಿ ಬೇಡ. ಹೋಗಿಬಂದ ಅನ್ನು."

ಹೊರಡುವಾಗ "ಹೋಗ್ತೀನಿ" ಅನ್ನದೆ "ಹೋಗಿಬರ್ತೀನಿ" ಅನ್ನೋ ಮನೆ ನಮ್ಮದು. ಸಿಪಾಯಿಯೂ ಮತ್ತೆ ಎದ್ದು ಬರ್ತಿದ್ದನಲ್ಲ! ಮಡಿಯಲ್ಲಿದ್ದ ಅಪ್ಪ ರಿಮೋಟು ಮುಟ್ಟುತ್ತಿರಲಿಲ್ಲ. ಬಾಗಿಲಿಂದಲೇ "ಹಾರಿಸು, ಹಾರಿಸು" ಅಂತಿದ್ರು.

ಈಗ ನನ್ನ ಫೋನಿನಲ್ಲಿ ಮಗಳು ಆಡ್ತಾಳೆ. ಬಾಯಿ ತೆಗೆದರೆ ಹಿಂದಿ. ಆಟದಲ್ಲಿ ಸೋತಾಗ ಮಾತ್ರ ನನ್ನಿಂದ ಕಲಿತ ಕನ್ನಡದಲ್ಲಿ "ಹೋಗಿಬಂದ" ಅಂತಾಳೆ.

ಅಪ್ಪ ಹೋಗಿ ವರ್ಷಗಳಾದವು. ಆದರೂ ಆ ಮಾತು ಕಿವಿಗೆ ಬಿದ್ದಾಗೆಲ್ಲ ನಾನೊಮ್ಮೆ ಬಾಗಿಲ ಕಡೆ ನೋಡ್ತೀನಿ.