ಬ್ರೇಕಿಗೆ ಇಬ್ಬರು ಬೇಕು

ಲಾಂಡ್ರಿ ಅಕ್ಕ ಎಂದರೆ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಹೋಟೆಲುಗಳ ಹಾಸು ಹೊದಿಕೆ ಒಗೆದು ಕೊಡುವ ಅಂಗಡಿ ಅವಳದು. ಒಗೆಯುವ ಯಂತ್ರ ಕೆಟ್ಟರೆ ರಿಪೇರಿಯವನ ದಾರಿ ಕಾಯುತ್ತ ಕೂರುವವಳಲ್ಲ. ತಾನೇ ಸ್ಪ್ಯಾನರ್ ಹಿಡಿದು ಅದರ ಹೊಟ್ಟೆಯೊಳಗೆ ತಲೆ ತೂರಿಸುತ್ತಾಳೆ.

ಬ್ರೇಕಿನ ಹುಚ್ಚು ಹತ್ತಿದ್ದು ಆಮೇಲೆ. ಒಮ್ಮೆ ಒದ್ದೆ ಹಾಸುಗಳನ್ನು ವ್ಯಾನಿನ ತುಂಬ ಹೇರಿಕೊಂಡು ಉದ್ದನೆಯ ಇಳಿಜಾರಿನಲ್ಲಿ ಬರುತ್ತಿದ್ದಳು. ಬ್ರೇಕು ಕಾದು ಕಾದು, ಪೆಡಲ್ ನೆನೆದ ಸ್ಪಂಜಿನಂತೆ ಮೆತ್ತಗಾಗಿ ಕಾಲಡಿಗೇ ಹೋಯಿತು. ಜೀವ ಬಾಯಿಗೆ ಬಂತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಯಾರದೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಗೆ ವ್ಯಾನಿನ ಮೂತಿ ನುಗ್ಗಿಸಿ ನಿಲ್ಲಿಸಿದಳು. ಬ್ರೇಕ್ ಆಯಿಲ್ ಹಳತಾಗಿ ನೀರು ಹೀರಿಕೊಂಡಿದ್ದರಿಂದ ಕಾವಿಗೆ ಕುದಿದು ಗುಳ್ಳೆ ಎದ್ದಿದೆ ಎಂದು ಗ್ಯಾರೇಜಿನವನು ಹೇಳಿದ. ಅವತ್ತಿನಿಂದ ತನ್ನ ಗಾಡಿಯ ಬ್ರೇಕನ್ನು ಅವಳು ಇನ್ನೊಬ್ಬರಿಗೆ ಮುಟ್ಟಲು ಕೊಟ್ಟವಳಲ್ಲ. ಮನೆಯಲ್ಲಿ ಮಾತ್ರ ಈ ವಿಷಯ ಬಾಯಿಬಿಡಲಿಲ್ಲ.

ಅವಳ ತಮ್ಮನದು ಕನ್ನಡಕದಂಗಡಿ. ಹುಡುಗನಾಗಿದ್ದಾಗಿನಿಂದ ಅವನಿಗೆ ಓಡುವ ಕಾರೆಂದರೆ ಪ್ರಾಣ. ಕೊನೆಗೆ ಅಕ್ಕನನ್ನು ಗೋಗರೆದು, ಇಬ್ಬರೂ ಸೇರಿ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದರು. "ಓಡಿಸೋದು ಇಬ್ರೂ. ನಿಲ್ಸೋ ಉಸಾಬರಿ ನನ್ನದು," ಎಂದು ಅಕ್ಕ ಮೊದಲೇ ಹೇಳಿದ್ದಳು. ಸ್ವಂತ ಕಾರನ್ನು ರೇಸಿನ ಟ್ರ್ಯಾಕಿನಲ್ಲಿ ಮನಸಾರೆ ಓಡಿಸಲು ಬಿಡುವ ಟ್ರ್ಯಾಕ್ ಡೇಗೆ ಇಬ್ಬರೂ ಹೆಸರು ಕೊಟ್ಟರು.

ಅಷ್ಟರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮನ ನಾಲಗೆ ಉದ್ದವಾಯಿತು. "ನಮ್ಮಕ್ಕ ಮುಂದಿನ ಬೀದೀಲಿ ನಾಯಿ ಕಂಡ್ರೆ ಈ ಬೀದೀಲೇ ಬ್ರೇಕ್ ಒತ್ತುತಾಳೆ," ಎಂದ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು. ನಕ್ಕು ಮನೆಗೆ ಬಂದು ಅವನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟರೂ ಕೆಲಸ ಬಿಡುವಂತಿರಲಿಲ್ಲ. ಅಂಗಡಿಯ ಹಿಂದಿನ ಅಂಗಳದಲ್ಲಿ ಕಾರನ್ನು ಸ್ಟ್ಯಾಂಡುಗಳ ಮೇಲೆ ಏರಿಸಿ ಚಕ್ರ ಬಿಚ್ಚಿದಳು. ಡಿಸ್ಕುಗಳಲ್ಲಿ ಕೂದಲೆಳೆಯಷ್ಟು ಬಿರುಕಾದರೂ ಇದೆಯೇ ಎಂದು ಬೆಳಕು ಹಿಡಿದು ನೋಡಿದಳು. ಡಿಸ್ಕನ್ನು ಅಮುಕಿ ಹಿಡಿಯುವ ಹಳೆಯ ಪ್ಯಾಡು ತೆಗೆದು, ಹೆಚ್ಚು ಕಾವು ತಡೆಯುವ ಹೊಸದನ್ನು ಕೂರಿಸಿದಳು. ಇಷ್ಟೂ ಒಬ್ಬಳೇ ಮಾಡಿದಳು. ಉಳಿದದ್ದು ಹಳೆಯ ಆಯಿಲ್ ಹೊರಗೆ ತಳ್ಳಿ, ಹೊಸದು ತುಂಬಿ, ಒಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಪುಟ್ಟ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಂಡು ಮಾಡಿದ್ದೆಲ್ಲ ಹಾಳು.

ತಮ್ಮ ಬಂದು ಡ್ರೈವರ್ ಸೀಟಿನಲ್ಲಿ ಕೂತ. ಅಕ್ಕ ನೆಲಕ್ಕೆ ತೂತುಬಿದ್ದ ಹಾಸು ಹಾಸಿಕೊಂಡು ಚಕ್ರದ ಬಳಿ ಮಲಗಿದಳು. ನಡುವೆ ಕುರ್ಚಿಯ ಮೇಲೆ ಗುಂಡಿ ಹೊಲಿಯುತ್ತ ಅಮ್ಮ.

"ಅಮ್ಮ, ಒತ್ತೋಕೆ ಹೇಳು."

"ಒತ್ತಬೇಕಂತೆ ಕಣಪ್ಪ."

"ಒತ್ತಿದೀನಿ ಅಂತ ಹೇಳಮ್ಮ."

"ಒತ್ತಿದಾನಂತೆ ಕಣೆ."

ಅಕ್ಕ ಸ್ಕ್ರೂ ತಿರುಗಿಸಿದಳು. ಕಪ್ಪು ಚಹಾದಂಥ ಹಳೆಯ ಆಯಿಲ್ ಗುಳ್ಳೆಗಳ ಸಮೇತ, ಸ್ಕ್ರೂಗೆ ಸಿಕ್ಕಿಸಿದ್ದ ಕೊಳವೆಯಿಂದ ಬಾಟಲಿಗೆ ಇಳಿಯತೊಡಗಿತು. ಅದೇ ಹೊತ್ತಿಗೆ ಅಮ್ಮನ ಫೋನು ಹೊಡೆದುಕೊಂಡಿತು. ಚಿಕ್ಕಮ್ಮ. ಅವತ್ತಿನ ಊಟಕ್ಕೆ ಉಪ್ಪು ಹೆಚ್ಚಾಗಿತ್ತೇನೋ ಎಂದು ಇನ್ನೂ ಕೊರಗುತ್ತಿದ್ದಳು.

"ಅಯ್ಯೋ, ಬಿಡು ಬಿಡು," ಎಂದಳು ಅಮ್ಮ.

ತಮ್ಮ ಪೆಡಲ್ ಬಿಟ್ಟ. ಕೊಳವೆಯಲ್ಲಿದ್ದ ಆಯಿಲ್ ಗೊಳಕ್ಕೆಂದು ವಾಪಸ್ಸು ಒಳಗೆ ಹೋಯಿತು.

"ಯಾರೋ ನಿಂಗೆ ಬಿಡು ಅಂದಿದ್ದು?"

"ಅಮ್ಮ."

"ಅಮ್ಮ ಉಪ್ಪಿನ ವಿಷ್ಯಕ್ಕೆ ಅಂದಿದ್ದು ಕಣೋ."

ತಾನು ಮಾತಾಡಿಬಿಟ್ಟೆ ಎಂದು ಅಕ್ಕನಿಗೆ ಹೊಳೆಯುವಷ್ಟರಲ್ಲಿ ಅಮ್ಮ ಫೋನಿಗೆ, "ಆಮೇಲೆ ಮಾಡ್ತೀನಿ, ಇಲ್ಲಿ ಮಕ್ಕಳು ಮಾತಾಡ್ತಿದಾರೆ," ಎಂದು ಇಟ್ಟಳು.

ಆಮೇಲೆ ಕೆಲಸ ಸರಾಗವಾಯಿತು. "ಒತ್ತು." "ಒತ್ತಿದೀನಿ." "ಹಿಡ್ಕೋ." "ಹಿಡ್ಕೊಂಡಿದೀನಿ." "ಈಗ ಬಿಡು." ದೂರದ ಚಕ್ರ ಮುಗಿಸಿ ಪಕ್ಕದ್ದಕ್ಕೆ ಬಂದಾಗ ತಮ್ಮ ಕತ್ತು ಹೊರಗೆ ಹಾಕಿ, "ಅಕ್ಕ, ಅವತ್ತು ಎಲ್ಲರೆದುರು ಹಾಗೆ ಅನ್ನಬಾರದಿತ್ತು," ಎಂದ.

"ಒತ್ತು."

"ಒತ್ತಿದೀನಿ. ಆದ್ರೂ ನಿಂಗ್ಯಾಕೆ ಅಷ್ಟೊಂದು ಭಯ?"

ಕಾರಿನ ಕೆಳಗಿಂದ ಅವನ ಮುಖ ಕಾಣುತ್ತಿರಲಿಲ್ಲ. ಹಾಗಾಗಿಯೋ ಏನೋ, ಇಳಿಜಾರು, ಮೆತ್ತಗಾದ ಪೆಡಲ್, ಮರಳು, ಎಲ್ಲವನ್ನೂ ಅಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟಳು. ತಮ್ಮ ಪೆಡಲಿನಿಂದ ಕಾಲು ಎತ್ತದೆ, ಅವಳು 'ಬಿಡು' ಎನ್ನುವವರೆಗೂ, ಹಾಗೇ ಹಿಡಿದುಕೊಂಡು ಕೂತಿದ್ದ.

"ಅವತ್ತು ನಿನ್ನ ಚಪ್ಪಲಿ ತುಂಬ ಮರಳಿತ್ತು," ಎಂದಳು ಅಮ್ಮ, ದಾರ ಕಡಿಯುತ್ತ. "ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ಮಾರನೆಯ ಬೆಳಗ್ಗೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡುಗಳನ್ನು ಪಳಗಿಸಿದರು: ವೇಗ ಹಿಡಿಯುವುದು, ಗಟ್ಟಿಯಾಗಿ ಒತ್ತುವುದು, ಪೂರ್ತಿ ನಿಲ್ಲದೆ ಮತ್ತೆ ಓಡುವುದು. ಸುಟ್ಟ ವಾಸನೆ ಮೂಗಿಗೆ ಹೊಡೆದಾಗ ತಮ್ಮ ಗಾಬರಿಯಾದ. "ಬರಬೇಕು ಕಣೋ, ಬರದಿದ್ರೇ ಚಿಂತೆ," ಎಂದಳು ಅಕ್ಕ. ಆಮೇಲೆ ಬ್ರೇಕು ಆರಲೆಂದು ನಿಧಾನಕ್ಕೆ ಮನೆಗೆ ತಂದಳು.

ಟ್ರ್ಯಾಕ್ ಡೇ ದಿನ ಅಮ್ಮನೂ ಜೊತೆಗೆ ಹೊರಟಳು. ಟ್ರ್ಯಾಕಿನಲ್ಲಿ ಕಾರು ಪರೀಕ್ಷಿಸುವವನು ಪೆಡಲ್ ಒತ್ತಿ ನೋಡಿ, "ಬ್ರೇಕ್ ಮಾಡಿದ್ದು ಯಾರು?" ಎಂದು ಕೇಳಿದ.

"ಇಬ್ರೂ," ಎಂದಳು ಅಕ್ಕ. ತಮ್ಮ ಎದೆ ಉಬ್ಬಿಸಿದ.

ಮೊದಲು ಅವನೇ ಓಡಿಸಿದ. ನೇರ ದಾರಿಯಲ್ಲಿ ಹುಲಿ, ತಿರುವು ಕಂಡರೆ ಇಲಿ. ಅಕ್ಕನ ಸರದಿ ಬಂದಾಗ ಮೊದಲ ತಿರುವು ಇನ್ನೂ ದೂರವಿರುವಾಗಲೇ ಕಾಲು ಬ್ರೇಕಿಗೆ ಹೋಯಿತು. ಪೆಡಲ್ ಒತ್ತಿದಳು. ಅದು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು. ಕಾರು ಹೇಳಿದ ಮಾತು ಕೇಳಿತು. ಮುಂದಿನ ಸುತ್ತಿನಲ್ಲಿ ಇನ್ನೊಂದಿಷ್ಟು ತಡವಾಗಿ ಒತ್ತಿದಳು. ಅದರ ಮುಂದಿನದರಲ್ಲಿ ಇನ್ನೂ ತಡವಾಗಿ. ಪಕ್ಕದಲ್ಲಿದ್ದ ತಮ್ಮ ತನ್ನ ಕಡೆ ಇಲ್ಲದ ಬ್ರೇಕನ್ನು ಕಾಲಲ್ಲಿ ಹುಡುಕುತ್ತಿದ್ದ. ಇಳಿದವನೇ, "ನಾನು ಸ್ವಲ್ಪ ನೆಲದ ಮೇಲೆ ಕೂತಿರ್ತೀನಿ," ಎಂದ.

ಖಾಲಿಯಾದ ಸೀಟನ್ನು ಅಮ್ಮ ನೋಡಿದಳು. ಮಗನ ಹೆಲ್ಮೆಟ್ ಹಾಕಲು ಹೋದರೆ ತುರುಬು ಅಡ್ಡ ಬಂತು. ಅಷ್ಟು ಜನರ ನಡುವೆ ತುರುಬು ಬಿಚ್ಚಿ, ಕೂದಲನ್ನು ಬೆನ್ನಿಗೆ ಇಳಿಬಿಟ್ಟು, ಹೆಲ್ಮೆಟ್ ಏರಿಸಿ ಕೂತೇಬಿಟ್ಟಳು.

"ಅಮ್ಮ, ಭಯ ಆದ್ರೆ ಹೇಳು, ನಿಧಾನ ಮಾಡ್ತೀನಿ."

"ಭಯ ಆಗೋದಿದ್ರೆ ನಾನ್ಯಾಕೆ ಹತ್ತುತಿದ್ದೆ? ನಡಿ."

ನೇರ ದಾರಿ ಮುಗಿದು ತಿರುವು ಎದುರಿಗೆ ನುಗ್ಗಿ ಬರುವಾಗ ಅಕ್ಕ ಓರೆಗಣ್ಣಿನಿಂದ ನೋಡಿದಳು. ಅಮ್ಮ ಬಾಗಿಲು ಹಿಡಿದಿರಲಿಲ್ಲ, ಸೀಟು ಹಿಡಿದಿರಲಿಲ್ಲ. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು, ಮನೆ ಜಗಲಿಯ ಮೇಲೆ ಕೂತವರ ಹಾಗೆ. ಅಕ್ಕನ ಕಣ್ಣು ಮಂಜಾಯಿತು. ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳಲೂ ಆಗದೆ, ರೆಪ್ಪೆ ಬಡಿದು, ಬ್ರೇಕಿನ ಮೇಲೆ ಕಾಲಿಟ್ಟಳು.