ನಾಲ್ವರಾದ ನನ್ನ ಇಬ್ಬರು ಮಕ್ಕಳು

ಸಿಂದಗಿಯ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಕಂಪ್ಯೂಟರ್ ಹುಡುಗರಿಗೆ ಕಂಪೈಲರ್ ಪಾಠ ನನ್ನದು. ನನ್ನದೆಂದರೆ ನನ್ನದೇ, ಬೇರೆಯವರು ಕೈ ಹಾಕಿದರೆ ಸಹಿಸುವವಳಲ್ಲ. ಅದರಲ್ಲಿ ಅಟ್ರಿಬ್ಯೂಟ್ ಗ್ರಾಮರ್ ಎಂಬ ಕಬ್ಬಿಣದ ಕಡಲೆ ಒಂದಿದೆ. ಪ್ರೋಗ್ರಾಂನ ಒಂದು ಸಾಲನ್ನು ಗಿಡದ ಹಾಗೆ ಕೊಂಬೆ ಕೊಂಬೆಯಾಗಿ ಬಿಡಿಸಿ, ಪ್ರತಿ ಕವಲಿಗೂ ಒಂದು ಬೆಲೆ, ಅಂದರೆ ಅಟ್ರಿಬ್ಯೂಟ್, ಕಟ್ಟುವ ವಿದ್ಯೆ. ಕೆಲವು ಬೆಲೆಗಳು ಕೆಳಗಿನಿಂದ ಮೇಲೆ ಹತ್ತುತ್ತವೆ, ಕೆಲವು ಮೇಲಿನಿಂದ ಇಳಿಯುತ್ತವೆ. ನಾನು ಎಷ್ಟು ವರ್ಷ ಹೇಳಿದರೂ ಹುಡುಗರು ಬಾಯಿಪಾಠ ಮಾಡಿ ಪರೀಕ್ಷೆ ದಾಟಿಕೊಂಡರು, ಅಷ್ಟೇ.

ನಾನು ರಜೆ ಹಾಕಿದ್ದ ವಾರ, ಆಲಮೇಲದಿಂದ ಬಸ್ಸಿಗೆ ಬರುವ ಹೊಸ ಮೇಡಂ ಅದನ್ನು ವಂಶಾವಳಿ ಬರೆದು ಕಲಿಸಿಬಿಟ್ಟಳು. ಹೊಲ ಹಂಚಿಕೊಳ್ಳುವಾಗ ತಹಶೀಲ್ದಾರ್ ಕಚೇರಿಗೆ ಕೊಡುತ್ತೇವಲ್ಲ, ಅದೇ ವಂಶಾವಳಿ. ತಲೆ ಎಣಿಕೆ ಮಕ್ಕಳಿಂದ ಅಜ್ಜನ ತನಕ ಹತ್ತುತ್ತದೆ. ಪಾಲು ಅಜ್ಜನಿಂದ ಮಕ್ಕಳಿಗೆ ಇಳಿಯುತ್ತದೆ. ಹುಡುಗರಿಗೆ ಒಂದೇ ತಾಸಿನಲ್ಲಿ ತಿಳಿಯಿತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆಕೆಯ ಅಕ್ಷರ ಬೋರ್ಡಿನ ಮೇಲೆ ಇನ್ನೂ ಇತ್ತು, ಅದೂ ದುಂಡಗೆ. ನಾನೇ ಒರೆಸಿದೆ.

ಹುಡುಗರು ಅಷ್ಟಕ್ಕೆ ಬಿಡಲಿಲ್ಲ. ವಿಭಾಗದ ಮುಖ್ಯಸ್ಥರ ಬಳಿ ಹೋಗಿ, "ಈ ಪಾಠ ಆ ಮೇಡಂ ಅವರಿಗೇ ಕೊಡ್ರಿ ಸರ್" ಎಂದರು.

"ಆಕಿ ವಂಶಾವಳಿ ಎಣಿಸೂ ಪ್ರೋಗ್ರಾಂ ಬರದು ಎಲ್ಲಾರ ಮುಂದ ನಡಿಸಿ ತೋರಿಸ್ಲಿ, ಆಮ್ಯಾಲೆ ನೋಡೂಣು" ಎಂದರು ಸರ್.

ತೋರಿಸುವ ದಿನ ನಾನು ನಮ್ಮ ಮನೆಯದೇ ವಂಶಾವಳಿ ಒಯ್ದು ಆಕೆಯ ಕೈಗಿಟ್ಟೆ. ನನ್ನ ಗಂಡ ನನ್ನ ತಾಯಿಯ ಒಡಹುಟ್ಟಿದ ತಮ್ಮ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಹಾಗಾಗಿ ನನ್ನ ಇಬ್ಬರು ಮಕ್ಕಳು ಅಜ್ಜನ ಮಗನ ಕೊಂಬೆಯಲ್ಲೂ ಬರುತ್ತಾರೆ, ಮಗಳ ಕೊಂಬೆಯಲ್ಲೂ ಬರುತ್ತಾರೆ. ಗಿಡದ ಲೆಕ್ಕ ಇಲ್ಲಿ ಕೆಡುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಪರದೆಯ ಮೇಲೆ ನನ್ನ ಇಬ್ಬರು ಮಕ್ಕಳು ನಾಲ್ವರಾದರು. ಹುಡುಗರು ಗೊಳ್ಳೆಂದು ನಕ್ಕರು. ಆಕೆ ಲ್ಯಾಪ್‌ಟಾಪ್ ಮುಚ್ಚಿದಳು.

"ಇದು ಇನ್ನೂ ಹಸಿ ಐತಿ. ಪಾಠ ಇವರ ಕಡೇನ ಇರ್ಲಿ" ಎಂದು ಸರ್ ನನ್ನತ್ತ ಕೈ ಮಾಡಿದರು. ಅಂದು ಡಬ್ಬಿಯ ರೊಟ್ಟಿ ಬಹಳ ರುಚಿಯಾಗಿತ್ತು.

ಮರುದಿನ ಆಕೆ ಒಂದು ನೋಟ್‌ಬುಕ್ ಹಿಡಿದು ನನ್ನ ಟೇಬಲ್ಲಿಗೆ ಬಂದಳು.

"ಅಕ್ಕಾರ, ಅದು ನನಗೂ ಗೊತ್ತಿತ್ರಿ. ನಮ್ಮ ಅವ್ವನೂ ಸೋದರಮಾವನ್ನ ಮಾಡ್ಕೊಂಡಾಕಿ. ಮೊದಲನೇ ದಿನಾನ ಹುಡುಗರಿಗೆ ಈ ಗಂಟು ಬ್ಯಾಡಂತ ಬಿಟ್ಟಿದ್ದೆ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನಿಮ್ಮ ಮನಿ ವಂಶಾವಳಿ ಮ್ಯಾಲೆ ಎಲ್ಲಾರ ಮುಂದ ನಿಮ್ಮ ಜೋಡಿ ವಾದ ಮಾಡೂದು ಛಲೋ ಕಾಣಂಗಿಲ್ರಿ."

ಗಂಟು ಬಿಡಿಸುವ ಬಗೆ ನೋಟ್‌ಬುಕ್ಕಿನಲ್ಲಿ ಆಗಲೇ ಇತ್ತು. ಎಣಿಸಿ ಮುಗಿದವರ ಹೆಸರಿನ ಪಟ್ಟಿಯನ್ನು ಒಂದು ಕೊಂಬೆಯಿಂದ ಪಕ್ಕದ ಕೊಂಬೆಗೆ ದಾಟಿಸುತ್ತ ಹೋಗಬೇಕು. ಆಗ ಯಾರನ್ನೂ ಎರಡು ಸಲ ಎಣಿಸುವುದಿಲ್ಲ. ಆ ಪಟ್ಟಿಯೂ ಒಂದು ಅಟ್ರಿಬ್ಯೂಟೇ. ಇಂಥದ್ದು ನನಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ.

"ಈಗ ಕ್ಲಾಸು ನಿಮ್ಮದಲ್ರಿ, ಇದನ್ನೂ ನೀವ ಹೇಳ್ರಿ" ಎಂದಳು.

ಬೇಡ ಎನ್ನಬೇಕಿತ್ತು. ಇಸಿದುಕೊಂಡೆ.

ಈಗ ಪ್ರತಿ ವರ್ಷವೂ ಅದನ್ನೇ ಹೇಳಿಕೊಡುತ್ತೇನೆ. "ಎಷ್ಟು ಛಲೋ ತಿಳಿಸ್ತೀರಿ ಮೇಡಂ" ಎನ್ನುತ್ತಾರೆ ಹುಡುಗರು. ಹೊಗಳುವುದು ನನ್ನನ್ನೇ. ಕೇಳಿದಾಗಲೆಲ್ಲ ಹೊಟ್ಟೆಕಿಚ್ಚು ಮಾತ್ರ ಆಕೆಯ ಮೇಲೆ.