ಅವ್ವನ ಅಮಾಸಿ

ಅಪ್ಪ ಅವ್ವನಿಗೆ ಹೊಡೆಯುತ್ತಿದ್ದದ್ದು ಅಮಾವಾಸ್ಯೆಗೆ. ಅದೇನು ಗುಟ್ಟಲ್ಲ, ಹಲಸೂರಿನ ನಮ್ಮ ಬಾಡಿಗೆ ಕೋಣೆಗಳ ಸಾಲಿಗೆಲ್ಲ ಗೊತ್ತಿತ್ತು. "ಅಮಾಸಿ ಬಂತಂದ್ರ ಅವನ ಮೈಮ್ಯಾಗ ಏನೋ ಬರ್ತದವ್ವ. ಅವನರ ಏನ್ ಮಾಡ್ಯಾನ?" ಎಂದು ಅವ್ವ ಊದಿದ ತುಟಿಯಲ್ಲೇ ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳುತ್ತಿದ್ದಳು. ಥೂ! ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾವು ಕಲಬುರಗಿ ಕಡೆಯವರು. ಅಪ್ಪನದು ಗಾರೆ ಕೆಲಸ, ಅವನ ಮೇಸ್ತ್ರಿಯೂ ನಮ್ಮ ಕಡೆಯವನೇ. ಅಮಾವಾಸ್ಯೆ ದಿನ ನಮ್ಮವರು ಕರಣೆ ಮುಟ್ಟುವುದಿಲ್ಲ. ಭಾನುವಾರವೂ ದುಡಿದು ಅಮಾವಾಸ್ಯೆಗೆ ರಜೆ ಮಾಡುತ್ತಿದ್ದರು. ಅಪ್ಪ ಬೆಳಿಗ್ಗೆ ಸಾಮಾನುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮಧ್ಯಾಹ್ನ ಸಾರಾಯಿ ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದು ಒಳಗಿನಿಂದ ಚಿಲಕ ಹಾಕುತ್ತಿದ್ದ. ಅಷ್ಟರೊಳಗೆ ಅವ್ವ ನನ್ನನ್ನು ಎಳೆದುಕೊಂಡು ಬಾಣಸವಾಡಿಯ ಚಿಕ್ಕವ್ವನ ಮನೆ ಸೇರಿದರೆ ಬಚಾವು. ಅವಳಿಗೆ ಓದು ಬಾರದು, ಮನೆಯಲ್ಲಿ ಕ್ಯಾಲೆಂಡರೂ ಇರಲಿಲ್ಲ. ಒಮ್ಮೆ ದಿನ ತಪ್ಪಿ ಅವಳ ಮುಂದಿನ ಹಲ್ಲೊಂದು ಹೋಯಿತು.

ನಾನು ಏಳನೇ ಕ್ಲಾಸಿಗೆ ಬಂದಾಗ ವಿಜ್ಞಾನದ ಮಿಸ್ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಂದು ಬಲ್ಬ್ ಹೊತ್ತಿಸಿ, ನನ್ನ ಕೈಗೆ ರಬ್ಬರ್ ಚೆಂಡು ಕೊಟ್ಟು ನಿಂತಲ್ಲೇ ಸುತ್ತಿಸಿದರು. "ಚಂದ್ರ ಸವೆಯೋದೂ ಇಲ್ಲ, ಬೆಳೆಯೋದೂ ಇಲ್ಲ ಕಣಮ್ಮ. ಅರ್ಧ ಭಾಗಕ್ಕೆ ಯಾವಾಗ್ಲೂ ಬಿಸಿಲು ಬಿದ್ದಿರುತ್ತೆ. ನಮಗೆ ಅದ್ರಲ್ಲಿ ಎಷ್ಟು ಕಾಣುತ್ತೆ ಅನ್ನೋದಷ್ಟೇ ಲೆಕ್ಕ." ಸುತ್ತುತ್ತಾ ಹೋದಂತೆ ಚೆಂಡಿನ ಮೇಲಿನ ಬೆಳಕು ಗೆರೆಯಾಯಿತು, ಅರ್ಧವಾಯಿತು, ಪೂರ್ತಿಯಾಯಿತು, ಮತ್ತೆ ಕರಗಿತು. ಅಬ್ಬಾ, ಇಷ್ಟೇನಾ ಅನ್ನಿಸಿತು.

ಅಂದಿನಿಂದ ನಾನೇ ಅವ್ವನ ಪಂಚಾಂಗ. ನಸುಕಿನಲ್ಲಿ ನೀರು ಹಿಡಿಯಲು ಹೋದಾಗ ಮೂಡಣದಲ್ಲಿ ಉಗುರಿನಷ್ಟು ಚಂದ್ರ ಕಂಡರೆ, "ಅವ್ವ, ಇನ್ನೆರಡು ದಿನ" ಎನ್ನುತ್ತಿದ್ದೆ. ಅವಳು ಬಟ್ಟೆಯ ಚೀಲ ತುಂಬಿಡುತ್ತಿದ್ದಳು. ನಾಲ್ಕು ತಿಂಗಳು ಅವಳಿಗೆ ಒಂದು ಏಟೂ ಬೀಳಲಿಲ್ಲ. ನನಗೋ, ಜಗತ್ತನ್ನೇ ಗೆದ್ದಷ್ಟು ಜಂಬ.

ಆಮೇಲೆ ಅಪ್ಪ ಇಂದಿರಾನಗರದಲ್ಲಿ ಬೇರೆ ಮೇಸ್ತ್ರಿಯ ಕೈಕೆಳಗೆ ಕೆಲಸ ಹಿಡಿದ. ಆ ಮೇಸ್ತ್ರಿ ಇಲ್ಲಿಯವನು, ಅವನಲ್ಲಿ ರಜೆ ಭಾನುವಾರ. ಮೊದಲ ಭಾನುವಾರ ಮಧ್ಯಾಹ್ನ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಅವ್ವ ಚೀಲಕ್ಕೆ ಕೈ ಹಾಕಿದಳು.

"ಯಾಕವ್ವ? ಇವತ್ತೇನ್ ಅಮಾಸಿನಾ?" ನಾನು ಅವಳನ್ನು ಅಂಗಳಕ್ಕೆ ಎಳೆದು ತಂದು, ಬಿಸಿಲಿರುವಾಗಲೇ ಮೂಡಣದಲ್ಲಿ ತೇಲುತ್ತಿದ್ದ ಅರ್ಧಚಂದ್ರನನ್ನು ತೋರಿಸಿದೆ. "ನೋಡು, ಬೆಳಿಲಿಕತ್ತಾನ. ಅಮಾಸಿಗಿ ಇನ್ನ ಮೂರು ವಾರ ಅದ. ಕೂಡು ಸುಮ್ನ."

ಅವಳು ನನ್ನನ್ನು ನಂಬಿ ಕುಳಿತಳು.

ಐದು ಗಂಟೆಗೆ ಚಿಲಕ ಬಿತ್ತು. ಮೊದಲ ಏಟಿಗೇ ಅವ್ವ ಸ್ಟವ್ ಮೇಲೆ ಬಿದ್ದಳು, ಕುದಿಯುವ ಬೇಳೆ ತೊಡೆಯ ಮೇಲೆ ಚೆಲ್ಲಿತು. ಅವನು ಜಡೆ ಹಿಡಿದೆತ್ತಿ ತಲೆಯನ್ನು ಗೋಡೆಗೆ ಬಡಿದ, ಮತ್ತೆ ಬಡಿದ. ನಾನು ಅವನ ಕೈ ಕಚ್ಚಿದೆ. ಅವನು ಒದ್ದ ರಭಸಕ್ಕೆ ನಾನು ಮೂಲೆಗೆ ಹೋಗಿ ಬಿದ್ದೆ. ಗೋಡೆಗೆ ಒರಗಿಸಿದ್ದ ಮಟ್ಟಗೋಲು ತೆಗೆದುಕೊಂಡ. ಗಿಲಾವು ಸಮ ಮಾಡುವ ಉದ್ದನೆಯ ಕಟ್ಟಿಗೆ ಅದು. ಅವ್ವ ತಲೆಗೆ ಅಡ್ಡ ಹಿಡಿದ ಎಡಗೈ ಲಟಕ್ಕೆಂದಿತು. ಅವಳು ಕೂಗಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಸತ್ತುಹೋಗಬೇಕು ಅನ್ನಿಸಿತು.

ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ನನಗೆ ಎಲ್ಲ ಹೊಳೆಯಿತು. ಎಂಥ ಪೆದ್ದಿ ನಾನು!

"ಅವ್ವ, ಅಮಾಸಿದೇನೂ ಇಲ್ಲ. ರಜಾ ಇದ್ದ ದಿನ ಕುಡಿತಾನ, ಹೊಡಿತಾನ. ಚಂದ್ರಾಮಗ ಸಂಬಂಧನೇ ಇಲ್ಲ. ಅಪ್ಪನೇ ಹಂಗ."

ಅವ್ವ ನೆಟ್ಟಗಿದ್ದ ಬಲಗೈಯಿಂದ ನನ್ನ ಕೆನ್ನೆಗೆ ಫಟಾರನೆ ಬಾರಿಸಿದಳು. ಅದುವರೆಗೂ ಅವಳು ನನ್ನ ಮೈ ಮುಟ್ಟಿ ಹೊಡೆದವಳಲ್ಲ.

"ನನಗ ಗೊತ್ತಿಲ್ಲೇನು? ಅಮಾಸಿ ಅಂದ್ರ ತಿಂಗಳಿಗಿ ಒಂದಿನ ಅಂಜಿದ್ರ ಸಾಕಿತ್ತು. ಅವನೇ ಹಂಗ ಅಂದ್ರ, ನಾ ಅವನ ಜೋಡಿ ಹ್ಯಾಂಗ ಬಾಳೇ ಮಾಡ್ಲಿ? ಯಾಕ ಹೇಳಿದಿ?" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮ ಬಂದು ಕೈ ನೋಡಿದರು, ಸುಟ್ಟ ತೊಡೆ ನೋಡಿದರು. "ಹೇಗಾಯ್ತು ಇದು?"

"ಬಿದ್ದೆರೀ" ಎಂದಳು ಅವ್ವ.

ಅವರು ನಂಬಲಿಲ್ಲ. ನನ್ನ ಕಡೆ ತಿರುಗಿ, "ನೀನ್ ಹೇಳಮ್ಮ, ಬಿದ್ರಾ?" ಎಂದರು.

ಅವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು.

"ಹೂಂ, ಬಿದ್ಲು" ಎಂದೆ.